ವಾರೆ ಕೂತ ಕುಲಾಯಿ

ನಾನು ಮನುಷ್ಯರನ್ನು ಮೊದಲು ತಲೆಯಿಂದ ಗುರುತಿಸುತ್ತೇನೆ, ಮುಖ ಆಮೇಲೆ. ಇದು ಸೊಕ್ಕಿನ ಮಾತಲ್ಲ, ಹೊಟ್ಟೆಪಾಡಿನ ಮಾತು. ಬಸವಕಲ್ಯಾಣದ ಬಜಾರಿನಲ್ಲಿ ನಮ್ಮದೊಂದು ಟೊಪ್ಪಿಗೆ, ರುಮಾಲುಗಳ ಅಂಗಡಿ. ಮದುವೆಯ ಕಾಲದಲ್ಲಿ ರುಮಾಲು ಸುತ್ತಿಸಿಕೊಳ್ಳಲು ಬರುವ ದೊಡ್ಡ ದೊಡ್ಡವರೆಲ್ಲ ನನ್ನ ಮುಂದೆ ತಲೆ ತಗ್ಗಿಸಿಯೇ ಕೂರಬೇಕು. ಯಾರ ಹಿಂದಲೆ ಗುಂಡು, ಯಾರದು ಹಲಗೆಯ ಹಾಗೆ ಚಪ್ಪಟೆ ಎಂಬುದು ನನಗೆ ಗೊತ್ತು. ಹೊರಗೆ ಹೇಳುವುದಿಲ್ಲ, ಅದು ವ್ಯಾಪಾರದ ಮರ್ಯಾದೆ. ನನ್ನದಂತೂ ಅಪ್ಪಟ ಚಪ್ಪಟೆ. ಚಪ್ಪಟೆ ತಲೆಗೆ ರುಮಾಲು ಗಟ್ಟಿಯಾಗಿ ಕೂರುತ್ತದೆ ಎಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡು ಬಂದಿದ್ದೇನೆ.

ಇಂಥ ತಲೆಪಂಡಿತನ ಮನೆಗೆ ಮಗಳು ಸುಜಾತಾ ಬಾಣಂತನಕ್ಕೆ ಬಂದಳು. ಅವಳನ್ನು ಕೊಟ್ಟಿದ್ದು ಹುಮನಾಬಾದಿಗೆ. ಹುಟ್ಟಿದ್ದು ಹೆಣ್ಣುಕೂಸು. ಎರಡು ತಿಂಗಳು ತುಂಬಿದ ಮೇಲೆ ಅಂಗಡಿಯಿಂದ ಒಂದು ಕೆಂಪು ಕುಲಾಯಿ ತಂದು ಮೊಮ್ಮಗಳ ತಲೆಗೆ ಹಾಕಿದೆ. ಎರಡೂ ಕಿವಿ ಮುಚ್ಚಬೇಕಾದ ಆ ಪುಟ್ಟ ಟೊಪ್ಪಿಗೆ ಒಂದು ಕಿವಿ ಮುಚ್ಚಿ, ಇನ್ನೊಂದನ್ನು ಬಿಟ್ಟು ವಾರೆಯಾಗಿ ಕೂತಿತು. ಹೊಲಿಗೆಯ ತಪ್ಪೆಂದು ಹೊಲಿದವನನ್ನು ಬೈದು ಬೇರೆಯದು ತಂದೆ. ಅದೂ ವಾರೆ. ಮಾರನೆಯ ದಿನ ಮತ್ತೊಂದು ತಂದಾಗ ಹೆಂಡತಿ ನಕ್ಕಳು: “ಅಂಗಡ್ಯಾಗಿನ ಕುಲಾಯಿ ಎಲ್ಲಾ ಮನಿಗಿ ತರ್ತೀರೇನ್ರಿ? ಒಮ್ಮಿ ಕೂಸಿನ ತಲಿ ಮುಟ್ಟಿ ನೋಡ್ರಿ.”

ಮುಟ್ಟಿ ನೋಡಿದೆ. ಬಲಗಡೆಯ ಹಿಂದಲೆ ಮೆತ್ತಗೆ ಚಪ್ಪಟೆಯಾಗಿತ್ತು. ಊರಿನ ತಲೆಗಳನ್ನೆಲ್ಲ ಅಳೆದ ಕೈ ಒಂದು ಗಳಿಗೆ ಅಲ್ಲೇ ನಿಂತುಬಿಟ್ಟಿತು. ನನ್ನ ಚಪ್ಪಟೆಯನ್ನು ತಮಾಷೆ ಮಾಡಬಲ್ಲೆ. ಆ ಕೂಸಿನದನ್ನು ಮಾಡಲಾಗಲಿಲ್ಲ. ಸುಜಾತಾಳ ಕಣ್ಣು ತುಂಬಿತು.

ನಾರಾಯಣಪುರದ ಹಳೆಯ ಶಿವಾಲಯಕ್ಕೆ ಹೋದಾಗಲೆಲ್ಲ ಗೋಡೆಯ ಮೇಲಿನ ಕಲ್ಲಿನ ಹೆಂಗಸರನ್ನು ನಾನು ಬಹಳ ಹೊತ್ತು ನೋಡುತ್ತೇನೆ. (ಹೆಂಡತಿ ಜೊತೆಗಿದ್ದರೆ ಸ್ವಲ್ಪ ಹೊತ್ತು.) ಎಂಥ ತುರುಬು, ಎಂಥ ಕಿವಿಯೋಲೆ! ಆದರೆ ಹಿಂದಲೆ ಮಾತ್ರ ಇಲ್ಲ, ಅದು ಗೋಡೆಯೊಳಗೇ ಉಳಿದಿದೆ. ನೋಡುವವರೆಲ್ಲ ಒಂದೇ ಕಡೆ ನಿಲ್ಲುತ್ತಾರೆ ಎಂಬುದು ಶಿಲ್ಪಿಗೆ ಗೊತ್ತಿತ್ತು, ಹಾಗಾಗಿ ಅವನಿಗೆ ಅದು ನಡೆಯಿತು. ನಮ್ಮ ಮನೆಯಲ್ಲೂ ನಡೆದದ್ದು ಅದೇ. ಮರದ ತೊಟ್ಟಿಲಿನ ಎಡಕ್ಕೆ ಗೋಡೆ. ಬಲಕ್ಕೆ ಅಡುಗೆಮನೆ, ಬಾಗಿಲು, ಬಳೆಯ ಸದ್ದು, ಮಾತಾಡಿಸಲು ಬರುವ ಜನ. ಕೂಸು ಪಾಪ ಇನ್ನೆತ್ತ ನೋಡಬೇಕು? ದಿನವಿಡೀ ಬಲಕ್ಕೇ ತಿರುಗಿ ಮಲಗುತ್ತಿತ್ತು.

ಇನ್ನೊಂದು ಸಂಗತಿ ಇತ್ತು, ಅದನ್ನು ಹೇಳಲು ಸಂಕೋಚ. ನಮ್ಮ ಬೀಗತಿ ಕಮಳಾಬಾಯಿ ತೊಟ್ಟಿಲ ಶಾಸ್ತ್ರಕ್ಕೆ ಬಂದಾಗ ಸಾಸಿವೆ ತುಂಬಿದ ಪುಟ್ಟ ದಿಂಬೊಂದನ್ನು ತಂದಿದ್ದರು. ತಲೆ ಗುಂಡಗಾಗಲಿ ಎಂದು ನಮ್ಮ ಕಡೆ ಇದು ತಲೆತಲಾಂತರದ ರೂಢಿ. ತಮ್ಮ ತಾಯಿಯ ರೇಷ್ಮೆ ಸೀರೆಯ ಸೆರಗನ್ನು ಕತ್ತರಿಸಿ ಕೈಯಿಂದಲೇ ಹೊಲಿದಿದ್ದರು. ಅಷ್ಟು ಸಣ್ಣ ಹೊಲಿಗೆ ನನ್ನ ಅಂಗಡಿಯ ಯಾವ ಟೊಪ್ಪಿಗೆಗೂ ಇಲ್ಲ. ಕೂಸಿನ ತಲೆ ಆ ದಿಂಬಿನ ಮೇಲೆಯೇ ಇರುತ್ತಿತ್ತು.

ಹುಮನಾಬಾದಿನ ಡಾಕ್ಟರಮ್ಮನ ಬಳಿ ಹೋದೆವು. ಕಮಳಾಬಾಯಿಯವರೂ ಅಲ್ಲಿಗೇ ಬಂದು ಸೇರಿಕೊಂಡರು. ಡಾಕ್ಟರಮ್ಮ ಕೂಸಿನ ಕತ್ತನ್ನು ಆ ಕಡೆ ಈ ಕಡೆ ಹಗುರಾಗಿ ತಿರುಗಿಸಿ ನೋಡಿ, ಕತ್ತು ಬಿಗಿದಿಲ್ಲ ಎಂದರು. ನಮಗೆ ಹೋದ ಜೀವ ಬಂದ ಹಾಗಾಯಿತು. “ಎಲುವು ಇನ್ನಾ ಮೆತ್ತಗದ, ಸರಿ ಹೋಗ್ತದ, ಫಿಕರ್ ಮಾಡಬ್ಯಾಡ್ರಿ. ಮಲಗಿಸೂದು ಯಾವಾಗ್ಲೂ ಅಂಗಾತ. ಎಚ್ಚರಿದ್ದಾಗ, ನೀವು ಎದುರಿಗಿ ಕುಂತು, ಜರಾ ಹೊಟ್ಟಿ ಮ್ಯಾಲ ಹಾಕ್ರಿ. ಒಂದಿನ ತೊಟ್ಟಿಲದಾಗ ಈ ಕಡಿ ತಲಿ, ಮರುದಿನ ಆ ಕಡಿ. ಎತ್ಕೊಂಡು ಅಡ್ಡಾಡ್ರಿ. ಎಣ್ಣಿ ಹಚ್ಚುವಾಗ ತಲಿ ಒತ್ತಬ್ಯಾಡ್ರಿ. ಮತ್ತ ದಿಂಬು ಬ್ಯಾಡ. ಸಾಸವಿದೂ ಬ್ಯಾಡ. ಮಾರಿ ಅದರಾಗ ಹೊಕ್ರ ಉಸರಿಗಿ ತ್ರಾಸ ಆಗ್ತದ.”

ಕೊನೆಯ ಮಾತಿಗೆ ನಾವ್ಯಾರೂ ಕಮಳಾಬಾಯಿಯವರ ಮುಖ ನೋಡಲಿಲ್ಲ. ಬೀಗರ ನಂಟು ಗಾಜಿನ ಬಳೆ ಇದ್ದ ಹಾಗೆ, ಏರಿಸುವಾಗಲೂ ಜೋಪಾನ, ಇಳಿಸುವಾಗಲೂ ಜೋಪಾನ. ಅವರೇ ಬಾಯಿ ಬಿಟ್ಟರು: “ಖರೆ ಅದರಿ ಡಾಕ್ಟರಬಾಯಿಯವರ. ನಮ್ಮ ಹೊಲದಾಗ ಕುಂಬಳಕಾಯಿ ಒಂದ ಮಗ್ಗಲಾ ಬಿದ್ರ ಚಪ್ಪಟಿ ಆಗ್ತದ. ನಾವೇ ತಿರುವಿ ತಿರುವಿ ಇಡ್ತೀವಿ. ಅದಕ್ಕ ದಿಂಬು ಹಾಕ್ತೀವೇನು?”

ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಬಸ್ಸಿನಲ್ಲಿ ನಮ್ಮೊಡನೆ ಬಸವಕಲ್ಯಾಣಕ್ಕೆ ಬರುವಾಗ ರಾಜೇಶ್ವರ ಊರು ದಾಟುವ ತನಕ ಅವರು ಕೂಸಿನ ಹಿಂದಲೆಯನ್ನೇ ಸವರುತ್ತಿದ್ದರು. ಮೊಮ್ಮಗಳ ತಲೆಗೆ ತಮ್ಮ ಕೈಯಾರೆ ಕೇಡಾಯಿತೇನೋ ಎಂಬ ಕೊರಗು ಅವರ ಮುಖದ ಮೇಲೆ ಎದ್ದು ಕಾಣುತ್ತಿತ್ತು. ದಿಂಬು ಏನೂ ಮಾಡಿಲ್ಲ, ತೊಟ್ಟಿಲ ಪಕ್ಕದ ಗೋಡೆಯದೇ ತಪ್ಪು ಎಂದು ಹೇಳಬೇಕೆಂದುಕೊಂಡೆ. ನಾನು ಸಮಾಧಾನ ಹೇಳಿದರೆ ಗಾಯಕ್ಕೆ ಉಪ್ಪು ಹಚ್ಚಿದಂತಾಗುತ್ತದೆ ಎಂದು ಹೆಂಡತಿ ಮೊದಲಿನಿಂದಲೂ ಹೇಳುತ್ತಾಳೆ. ಅದಕ್ಕೇ ಕಿಟಕಿಯತ್ತ ತಿರುಗಿದೆ.

ಮನೆ ಸೇರಿದ ಮೇಲೆ ನನ್ನ ಮಗಳು ಮಾಡಿದ ಕೆಲಸ ನೋಡಿ. ಅತ್ತೆ ಗೋಡೆಗೆ ಒರಗಿ ಕೂತು ಕೂಸನ್ನು ತೋಳಿಗೆ ತೆಗೆದುಕೊಂಡಿದ್ದರು. ಸುಜಾತಾ ತೊಟ್ಟಿಲಿನಿಂದ ದಿಂಬು ತೆಗೆದಳು. ಪೆಟ್ಟಿಗೆಯಲ್ಲಿ ಇಡಲಿಲ್ಲ. ನೇರ ಬಂದು ಅತ್ತೆಯ ಮೊಳಕೈ ಕೆಳಗೆ ಇಟ್ಟಳು. “ಅತ್ತಿ, ಕೂಸಿನ್ನ ಹೊತ್ತು ಹೊತ್ತು ನಿಮ್ಮ ಕೈ ನೋಯ್ತದ. ಇದು ನಿಮಗಿರಲಿ. ದಿಂಬು ನಿಮ್ಮ ಕೈಗಿ, ನಿಮ್ಮ ಕೈ ಕೂಸಿಗಿ.”

ಕಮಳಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮನಸ್ಸಿನಲ್ಲೇ ಮಗಳಿಗೆ ಜರಿಯ ರುಮಾಲು ಸುತ್ತಿದೆ. ಇಷ್ಟು ಬುದ್ಧಿ ಅವಳಿಗೆ ನನ್ನ ಕಡೆಯಿಂದ ಬಂದಿರಲಾರದು. ಅಂದಿನಿಂದ ಬೀಗತಿ ವಾರ ತಪ್ಪದೆ ಬಂದರು. ಕೂಸು ಮಲಗಿದ ಹೊತ್ತು ಕಡಿಮೆಯಾಯಿತು, ತೋಳಿನ ಹೊತ್ತು ಹೆಚ್ಚಾಯಿತು.

ನನಗೂ ಒಂದು ಹುದ್ದೆ ಸಿಕ್ಕಿತು. ತೊಟ್ಟಿಲನ್ನು ಗೋಡೆಯಿಂದ ಈಚೆ ಎಳೆದು, ಎಡಕ್ಕೆ ನನ್ನನ್ನು ಕೂರಿಸಿದರು. ಎಡಗಡಿ ಮುತ್ಯಾ, ಅಂದರೆ ಎಡಗಡೆಯ ಅಜ್ಜ, ಎಂದೇ ಹೆಸರಾಯಿತು. ಕೂಸನ್ನು ನನ್ನತ್ತ ತಿರುಗಿಸುವುದಷ್ಟೇ ಕೆಲಸ. ಪೇಪರು ಗಟ್ಟಿಯಾಗಿ ಓದಿದೆ, ಮೊಮ್ಮಗಳು ಆಕಳಿಸಿದಳು. ರುಮಾಲು ಬಿಚ್ಚಿ ಬಾವುಟದ ಹಾಗೆ ಆಡಿಸಿದೆ. ಒಂದು ಸಲ ನೋಡಿ, ಇವನಿಗೇನಾಗಿದೆ ಎಂಬಂತೆ ಬಲಕ್ಕೆ ತಿರುಗಿದಳು. ಕಡೆಗೆ ಹೆಂಡತಿ ಸೊಪ್ಪು ಸೋಸುವುದನ್ನೇ ನನ್ನ ಪಕ್ಕಕ್ಕೆ ತಂದಳು. ಅವಳ ಬಳೆ ಸದ್ದಾದದ್ದೇ ತಡ, ಕೂಸಿನ ತಲೆ ಎಡಕ್ಕೆ ಬಂತು. ಕೀರ್ತಿಯನ್ನು ನಾನೇ ತೆಗೆದುಕೊಂಡೆ.

ಹೊಟ್ಟೆಯ ಮೇಲೆ ಹಾಕುವುದು ಮಾತ್ರ ಕಷ್ಟದ್ದಾಯಿತು. ಕೌದಿಯ ಮೇಲೆ ಬೋರಲು ಹಾಕಿದರೆ ಮೂಗು ಕೆಳಗಾಗಿ ಅತ್ತುಬಿಡುತ್ತಿದ್ದಳು. ಕೂಡಲೇ ಎತ್ತಿಕೊಳ್ಳುತ್ತಿದ್ದೆವು. “ನಾಳಿ ನೋಡೂಣು” ಎನ್ನುತ್ತಿದ್ದಳು ಸುಜಾತಾ. ಬೇಸರವಿಲ್ಲದೆ ಹೀಗೆ ನಾಳೆ ನಾಳೆ ಎನ್ನಲು ತಾಯಂದಿರಿಗೇ ಸಾಧ್ಯ. ಸಾಲ ಕೇಳಲು ಹೋದಾಗ ನಾನು ಕೇಳಿದ ನಾಳೆಗಳೇ ಬೇರೆ.

ಕೂಸಿಗೆ ಮೂರು ತಿಂಗಳು ದಾಟಿದ ಮೇಲೆ ಒಂದು ಬೆಳಗ್ಗೆ ಸುಜಾತಾ ಅದನ್ನು ಬೋರಲು ಹಾಕಿದಳು. ಕಮಳಾಬಾಯಿ ಬಗ್ಗಿ ಹಿಂದಲೆ ಸವರಿ, “ಬರೋಬರಿ ಆಗಾಕತ್ತದ” ಎಂದರು. ನನ್ನ ಹೆಂಡತಿಯೂ ಸವರಿದಳು. ನಾನೂ ಅನುಭವಸ್ಥನ ಕೈಯಿಂದ ಅಳೆದು, ಇನ್ನು ಕುಲಾಯಿ ನೆಟ್ಟಗೆ ಕೂತೀತು ಎಂದು ತೀರ್ಪು ಕೊಡುವುದರಲ್ಲಿದ್ದೆ. ಅಷ್ಟರಲ್ಲಿ ಆ ತಲೆ ನಮ್ಮ ಮೂವರ ಕೈಗಳನ್ನು ಸರಿಸಿಕೊಂಡು ತಾನೇ ಮೇಲೆದ್ದಿತು. ತೂರಾಡಿತು, ನಿಂತಿತು. ಎದುರಿಗೆ ಕೂತಿದ್ದ ತನ್ನ ತಾಯಿಯನ್ನು ಕಂಡು ಕೂಸು ಬೊಚ್ಚುಬಾಯಿ ತೆರೆದು ನಕ್ಕಿತು. ಹಿರಿಯರು ನಾವು ಇಷ್ಟು ದಿನ ಅವಳ ತಲೆಯ ಹಿಂದೆಯೇ ಬಿದ್ದಿದ್ದೆವು. ಅವಳಿಗೆ ಬೇಕಾದದ್ದೆಲ್ಲ ಮುಂದೆ ಇತ್ತು.