ಬಂದ ಮಣ್ಣು

ಹೋದ ವಾರ ನಮ್ಮ ಬೀದಿಯಲ್ಲಿ ಪೈಪು ಹಾಕಲು ಗುಂಡಿ ತೋಡಿದ್ದರು. ಆಳದ ಹಸಿಮಣ್ಣಿನ ವಾಸನೆಗೆ ಮೇಸ್ತ್ರಿ ನೆನಪಾದರು...

ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ರಾಮನಗರದ ಕಡೆ ಒಂದು ಗುಡ್ಡದ ಬುಡದಲ್ಲಿ, ಹಳ್ಳ ಹುಟ್ಟುವ ಜಾಗವನ್ನು ಕಡಿದು ಶೆಡ್ಡಿಗೆ ನೆಲ ಸಮ ಮಾಡುತ್ತಿದ್ದರು. ನಾನು ಮಣ್ಣು ಪರೀಕ್ಷೆ ಮಾಡುವವನು. ಮೇಸ್ತ್ರಿ ಕೈಲಾಂಚದ ಕಡೆಯವರು, ಬಾವಿ ತೋಡಿ ತೋಡಿ ನುರಿತವರು.

ಅಗೆಯುವಾಗ ಅವರು ನಡುವೆ ಆಳೆತ್ತರದ ಮಣ್ಣಿನ ಕಂಬವೊಂದನ್ನು ಹಾಗೆಯೇ ಬಿಡುತ್ತಿದ್ದರು, ಎಷ್ಟು ಆಳ ತೆಗೆದರೆಂದು ಅಳೆಯಲು. ಒಂದು ಬೆಳಿಗ್ಗೆ ಅದರ ಮೇಲೆ ಬೆರಳಾಡಿಸಿ ತೋರಿಸಿದರು. ಮೇಲೆ ಕಪ್ಪು ಮಣ್ಣು, ಕೆಳಗೆ ಮೊನಚಾದ ಚೂರುಕಲ್ಲು, ಕೆಮ್ಮಣ್ಣು, ಮತ್ತೆ ಚೂರುಕಲ್ಲು. ಬುಡದಲ್ಲಿ ತೇವ.

"ಇದು ನಿಂತ ಮಣ್ಣಲ್ಲ ಸಾ, ಮೇಲಿಂದ ಬಂದ ಮಣ್ಣು. ನೆಟ್ಟಗೆ ಕಡಿದ್ರೆ ಕುಸಿದೋಯ್ತದೆ. ಮೆಟ್ಲು ಮೆಟ್ಲಾಗಿ ಕಡೀರಿ ಅಂತ ಬರ್ಕೊಡಿ."

ನಾನು ಓದಿದ್ದನ್ನು ಹೇಳಿದೆ. ಕಳೆದ ಹಿಮಯುಗ ಮುಗಿದ ಮೇಲೆ ಇಲ್ಲಿ ಮಳೆ ಬಲವಾಯಿತು, ಗುಡ್ಡದ ಮೈ ಸವೆದು ಜಾರಿ ಬಂದು ಹಳ್ಳದ ತಲೆಯಲ್ಲಿ ತುಂಬಿಕೊಂಡಿತು, ಹತ್ತು ಸಾವಿರ ವರ್ಷಗಳಲ್ಲಿ.

"ಬರಕ್ಕೆ ಅಷ್ಟ್ ವರ್ಸ ತಕಂತಾ? ಬೀಳಕ್ಕೆ ಒಂದ್ ಮಳೆ ಸಾಕು ಬುಡಿ," ಎಂದು ನಕ್ಕರು.

ಮೆಟ್ಟಿಲು ಮಾಡಿದರೆ ಶೆಡ್ಡಿನ ಜಾಗ ಕಡಿಮೆಯಾಗುತ್ತದೆಂದು ಮೇಲಿನವರು ಒಪ್ಪಲಿಲ್ಲ. ಅವರು ಹೇಳಿದಂತೆ ವರದಿಯಲ್ಲಿ ಗಟ್ಟಿ ನೆಲ ಎಂದು ಬರೆದು ಸಹಿ ಹಾಕಿದೆ. ಪರೀಕ್ಷೆಯಲ್ಲಿ ಸರಿಯಾಗಿ ಬಂದಿದೆ ಎಂದು ಮೇಸ್ತ್ರಿಗೂ ಹೇಳಿದೆ. ಅವರು ಗುದ್ದಲಿ ಎತ್ತಿಕೊಂಡರು. ಓದಿದವರು ನೀವು, ನಿಮಗೆ ಗೊತ್ತಿರುತ್ತದೆ ಎಂದರು.

ಎರಡು ದಿನ ಮಳೆ ಹಿಡಿಯಿತು. ಮೂರನೆಯ ದಿನ ಬಿಸಿಲು. ನೆಟ್ಟಗೆ ಕಡಿದ ಮಣ್ಣಿನ ಗೋಡೆಯ ಬುಡದಲ್ಲಿ ಪಾಯ ತೋಡಬೇಕಿತ್ತು. ಆಳುಗಳನ್ನು ಮೇಲೆಯೇ ನಿಲ್ಲಿಸಿ, ಮೊದಲು ನಾನು ನೋಡಿ ಬರುತ್ತೇನೆಂದು ಮೇಸ್ತ್ರಿ ಒಬ್ಬರೇ ಇಳಿದರು. ಗೋಡೆ ಕುಸಿದಾಗ ದೊಡ್ಡ ಸದ್ದೇನೂ ಆಗಲಿಲ್ಲ... ಮೂಟೆ ಇಳಿಸಿದ ಹಾಗೆ, ಅಷ್ಟೆ. ಅವರನ್ನು ಹೊರತೆಗೆಯುವಾಗ ಮಧ್ಯಾಹ್ನ ದಾಟಿತ್ತು.

ತಿಥಿಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು, ಎದುರಿಗೆ ನಿಂತು ಕೇಳಿದರು.

"ಇಷ್ಟ್ ಬಾವಿ ತೋಡ್ದೋನ್ಗೆ ಮಣ್ಣು ಗೊತ್ತಾಗ್ನಿಲ್ವಾ ಅಂತಾರೆ ಊರೋರು. ಅವ್ರು ನಿಮ್ತಾವ ಏನಾರ ಅಂದಿದ್ರಾ ಸಾಮಿ?"

"ಇಲ್ಲಮ್ಮ," ಎಂದೆ.

ಆಕೆ ತಲೆಯಾಡಿಸಿ ಖಾಲಿ ಲೋಟ ಒಳಗೆ ಒಯ್ದರು.

ಹೋದ ವರ್ಷ ಆಕೆಯೂ ತೀರಿಕೊಂಡರೆಂದು ಕೇಳಿದೆ. ಮಣ್ಣು ತಿಳಿಯದೆ ಸತ್ತ ಎಂದೇ ಊರಿನವರು ಈಗಲೂ ಮೇಸ್ತ್ರಿಯ ಮಾತು ಎತ್ತುತ್ತಾರೆ. ಅವರಿಗೆ ತಿಳಿದಿತ್ತು. ತಿಳಿದದ್ದನ್ನು ನನಗೆ ಹೇಳಿದ್ದರು.