ಹುಳುಮನೆಯಲ್ಲಿಟ್ಟ ಕಂಪ್ಯೂಟರ್

ಆ ಕಂಪ್ಯೂಟರನ್ನು ಕೆಡಿಸಿದವಳು ನಾನು. ಸಿಡಿಲು ಬಡಿದು ಕೆಟ್ಟಿತು ಎಂದವರಿದ್ದಾರೆ, ಹಳೇ ಮಾಲನ್ನು ಹೊಸದೆಂದು ಕೊಟ್ಟ ಎಂದವರಿದ್ದಾರೆ. ಎರಡೂ ಸುಳ್ಳು. ಕೆಡಿಸಿದ್ದು ನಾನು, ಹೆಸರು ಕೆಡಿಸಿಕೊಂಡದ್ದು ಶಿಡ್ಲಘಟ್ಟದ ರಿಪೇರಿ ಸಾಬರು.

ಅವರ ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹತ್ತು ಬೆರಳೂ ಸುಲಿದ ಬೆಳ್ಳುಳ್ಳಿಯ ಹಾಗೆ ಬೆಳ್ಳಗೆ, ನುಣ್ಣಗೆ. ಅವರ ಅಪ್ಪನದು ರೇಷ್ಮೆ ನೂಲು ತೆಗೆಯುವ ಮನೆ. ಏಳೆಂಟು ವರ್ಷದವರಿದ್ದಾಗಿನಿಂದ ಕುದಿಯುವ ನೀರಿಗೆ ಕೈ ಹಾಕಿ, ಗೂಡಿನ ಎಳೆ ಹುಡುಕಿ ಹುಡುಕಿ ಚರ್ಮವೆಲ್ಲ ಬೆಂದುಹೋಗಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರ ಗುರುತು ಹಿಡಿಯುತ್ತಿರಲಿಲ್ಲ. "ಸರ್ಕಾರದ ಲೆಕ್ಕದಲ್ಲಿ ನಾನಿನ್ನೂ ಹುಟ್ಟೇ ಇಲ್ಲಮ್ಮ" ಅನ್ನುತ್ತಿದ್ದರು. ಹೇಳಿ ನಗುತ್ತಿರಲಿಲ್ಲ. ನಕ್ಕರೆ ಕೆಮ್ಮು ಹತ್ತುತ್ತಿತ್ತು, ಅದಕ್ಕೇ ನಗುವುದನ್ನು ಬಿಟ್ಟಿದ್ದರು. ಆ ಕೆಮ್ಮೂ ಅಪ್ಪನ ಮನೆಯ ಹಬೆಯಿಂದಲೇ ಬಂದದ್ದು.

ಅವರ ಅಣ್ಣ ಅದೇ ಕಸುಬಿನಲ್ಲಿ ಉಳಿದರು, ಇವರು ಬಿಟ್ಟು ಬಂದು ಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅಂಗಡಿ ಇಟ್ಟರು. ಮೊದಲು ರೇಡಿಯೋ, ಟಿ.ವಿ., ಆಮೇಲೆ ಕಂಪ್ಯೂಟರ್. ಮೇಜಿನ ತುಂಬ ತೂತು ಬಿದ್ದ ರೇಷ್ಮೆ ಗೂಡುಗಳು. ಚಿಟ್ಟೆ ಕೊರೆದು ಹೊರಬಂದ ಗೂಡು ನೂಲಿಗೆ ಬಾರದು. ಅದನ್ನು ಅಣ್ಣನ ಮನೆಯಿಂದ ತಂದು, ಅರ್ಧಕ್ಕೆ ಕತ್ತರಿಸಿ, ಬಿಚ್ಚಿದ ಸ್ಕ್ರೂಗಳನ್ನು ಅದರಲ್ಲಿ ಹಾಕಿಡುತ್ತಿದ್ದರು. ಒಂದು ಯಂತ್ರಕ್ಕೆ ಒಂದು ಗೂಡು. ಒಂದರದು ಇನ್ನೊಂದಕ್ಕೆ ಸೇರಿದ್ದನ್ನು ನಾನು ಕಂಡಿಲ್ಲ.

ಅವರದೊಂದು ಮಾತಿತ್ತು. "ಯಂತ್ರ ಸುಳ್ಳು ಹೇಳಲ್ಲಮ್ಮ. ಹೊತ್ಕೊಂಡು ಬಂದೋರು ಹೇಳ್ತಾರೆ." ನಾನಿದ್ದಾಗಲೇ ಒಬ್ಬ ಮೇಷ್ಟ್ರು ಕಂಪ್ಯೂಟರ್ ತಂದು, ನಾನು ಮುಟ್ಟೇ ಇಲ್ಲ, ತಾನಾಗೇ ನಿಂತುಹೋಯ್ತು ಎಂದು ವಾದ ಮಾಡಿದರು. ಇವರು ಮುಚ್ಚಳ ಬಿಚ್ಚಿ ಬಗ್ಗಿಸಿದರು. ಸಕ್ಕರೆಗೆ ಮುತ್ತಿದ ಇರುವೆಗಳು ಮೇಜಿನ ಮೇಲೆ ಉದುರಿದವು. "ಟೀ ನೀವು ಕುಡಿದ್ರಾ, ಇದು ಕುಡೀತಾ?" ಅಂದರು, ಅಷ್ಟೇ.

ನಮ್ಮದು ಅಲ್ಲಿಗೆ ಮೂರು ಹರಿದಾರಿ ದೂರದ ಹಳ್ಳಿ. ಹಿಪ್ಪುನೇರಳೆ ತೋಟ, ಹುಳುಮನೆ. ಮದುವೆಯಾಗಿ ಬಂದಾಗಿನಿಂದ ನಾನು ಹುಳು ಸಾಕಿದವಳು. ಮಗ ಗೂಡನ್ನು ಮಾರುಕಟ್ಟೆಗೆ ಒಯ್ದಾಗ ನಾನೂ ಹೋಗಿ, ಸಾಬರ ಅಂಗಡಿಯ ಬೆಂಚಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುವುದು ರೂಢಿ.

ಮೊಮ್ಮಗಳಿಗೆ ಕೋಲಾರದ ಕಡೆ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಎಂ.ಎಸ್ಸಿ. ಸೀಟು ಸಿಕ್ಕಿತು. ಕಂಪ್ಯೂಟರ್ ಬೇಕೇಬೇಕು ಎಂದಳು. ನನ್ನ ಒಂದು ಬೆಳೆಯ ದುಡ್ಡು ಕೊಡುತ್ತೇನೆ ಎಂದೆ. ನನ್ನ ದುಡ್ಡು, ಹಾಗಾಗಿ ನಾನು ಹೇಳಿದ್ದು ನಡೆಯಬೇಕು ಎಂಬುದು ನನ್ನ ಲೆಕ್ಕ. ಅವಳನ್ನು ಕರೆದುಕೊಂಡು ಸಾಬರಲ್ಲಿಗೆ ಹೋದೆ. ಅವರು ಮೊದಲು ಕೇಳಿದ್ದು ಅವಳನ್ನು, ನನ್ನನ್ನಲ್ಲ.

"ಎಲ್ಲಿದ್ಕೊಂಡು ಓದ್ತೀಯಮ್ಮ?"

"ಹಾಸ್ಟೆಲ್ ಸಿಕ್ಕೈತೆ ಅಂಕಲ್. ಲ್ಯಾಪ್‌ಟಾಪ್ ಆದ್ರೆ..."

"ಹಾಸ್ಟೆಲ್ಲೂ ಇಲ್ಲ, ಏನೂ ಇಲ್ಲ," ಎಂದೆ. "ದಿನಾ ಬಸ್ಸಲ್ಲಿ ಹೋಗಿ ಬರ್ತಾಳೆ. ಮೇಜಿನ ಮೇಲೆ ಇಡ್ತಾರಲ್ಲ, ದೊಡ್ಡದು, ಅದನ್ನ ಕೊಡಿ."

ಸಾಬರು ಎರಡನ್ನೂ ಬಿಡಿಸಿ ಹೇಳಿದರು. ಮೋಸವಿಲ್ಲದ ಮಾತು. "ಗಟ್ಟಿ ಅಂದ್ರೆ ದೊಡ್ಡದೇ. ಅದೇ ದುಡ್ಡಿಗೆ ಜಾಸ್ತಿ ಕೆಲಸ ಮಾಡುತ್ತೆ. ಇವಳು ನಕ್ಷೆ ಬಿಡಿಸ್ಬೇಕು, ಪರದೆ ಅಗಲ ಸಿಗುತ್ತೆ. ಒಂದು ಪಾರ್ಟು ಹೋದ್ರೆ ಅದೊಂದನ್ನ ಬದಲಾಯಿಸ್ತೀನಿ. ಲ್ಯಾಪ್‌ಟಾಪ್ ಹಂಗಲ್ಲ, ಒಂದು ಸಲ ಬಿದ್ರೆ ಗೋಳು. ಆದ್ರೆ ಕರೆಂಟು ಹೋದ್ರೆ ದೊಡ್ಡದು ಕಲ್ಲು. ಹೊತ್ಕೊಂಡು ಹೋಗಂಗಿಲ್ಲ."

"ಹೊತ್ಕೊಂಡು ಹೋಗೋದೇ ಬೇಡ ಅಂತ ತಾನೇ ನಾನು ಹೇಳ್ತಿರೋದು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಮ್ಮ, ನೀವು ಕಂಪ್ಯೂಟರ್ ತಗೊಳಕ್ಕೆ ಬಂದಿಲ್ಲ. ಗೂಟ ತಗೊಳಕ್ಕೆ ಬಂದಿದೀರ."

ಮೊಮ್ಮಗಳು ಬೀದಿಯ ಕಡೆ ಮುಖ ತಿರುಗಿಸಿಕೊಂಡಳು.

"ಹುಳ ಜ್ವರ ಎದ್ಮೇಲೆ ಹಳೇ ಜಾಗದಲ್ಲೇ ಬಿಡ್ತೀರಾ ನೀವು?" ಎಂದು ಕೇಳಿದರು.

ಬಿಡುವುದಿಲ್ಲ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಮೇವು ಬಿಟ್ಟು, ಪೊರೆ ಕಳಚಿ ಎದ್ದಾಗಲೆಲ್ಲ ಜಾಗ ಅಗಲ ಮಾಡಬೇಕು. ಮಾಡದಿದ್ದರೆ ಒಂದರ ಮೇಲೊಂದು ಬಿದ್ದು ರೋಗ ಹತ್ತಿ ಸಾಯುತ್ತವೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಅವಳು ಹುಳ ಅಲ್ಲ ಸಾಬ್ರೆ. ನಿಮ್ಮ ಕೆಲಸ ನೀವು ನೋಡಿ," ಎಂದೆ.

ನೋಡಿದರು. ಒಂದು ವಾರದಲ್ಲಿ ದೊಡ್ಡ ಕಂಪ್ಯೂಟರ್ ಜೋಡಿಸಿ ಕೊಟ್ಟರು. ಕೊಡುವಾಗ ಒಂದೇ ಮಾತು ಎರಡು ಸಲ ಹೇಳಿದರು. "ಹುಳುಮನೆ ಹತ್ರ ಇಡ್ಬೇಡಿ. ನೀವು ಹೊಡೆಯೋ ಬ್ಲೀಚಿಂಗ್ ವಾಸನೆ ಸಾಕು, ತಾಮ್ರ ತಿಂದುಬಿಡುತ್ತೆ." ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೇನು.

ಮನೆಯಲ್ಲಿ ಇಲಿ, ಒಲೆಯ ಹೊಗೆ. ಹುಳುಮನೆಯ ಮುಂದಿನ ಕೋಣೆಗೆ ಸಿಮೆಂಟ್ ನೆಲ, ಕಿಟಕಿಗೆ ಜಾಲರಿ, ಧೂಳಿಲ್ಲ, ತಂಪು. ಹೊರಗಿನವರು ಯಾರೂ ಕಾಲಿಡುವುದಿಲ್ಲ. ನಮ್ಮಲ್ಲಿ ಬೆಲೆಬಾಳುವುದನ್ನೆಲ್ಲ ಹುಳುಮನೆಯಲ್ಲೇ ಇಡುವುದು. ಕಂಪ್ಯೂಟರನ್ನೂ ಅಲ್ಲೇ ಇಡಿಸಿದೆ. ನಾನು ಸೊಪ್ಪು ಹಾಕುತ್ತಾ ಓಡಾಡುವಾಗ ಅವಳ ಬೆನ್ನು ಕಾಣುತ್ತಿತ್ತು. ದೂರ ಕಳಿಸಲು ಹೆದರಿಕೆ ಎಂದು ಎಲ್ಲರಿಗೂ ಹೇಳಿದ್ದೆ. ಹೆದರಿಕೆಯಲ್ಲ. ಅವಳಿಲ್ಲದ ಮನೆ ನನಗೆ ಬೇಡವಾಗಿತ್ತು.

ಒಂದೂವರೆ ವರ್ಷ ಅವಳು ದಿನಾ ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿ ಹೋಗಿ ಬಂದಳು. ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಒಮ್ಮೊಮ್ಮೆ ಅವಳು ಕೂತ ಕೂಡಲೇ ಕರೆಂಟು ಹೋಗುತ್ತಿತ್ತು. ಕೊನೇ ವರ್ಷಕ್ಕೆ ಅವಳು ತೆಗೆದುಕೊಂಡದ್ದು ನಮ್ಮ ಕಡೆಯ ಕೆರೆಗಳನ್ನು. ಯಾವ ಕೆರೆಗೆ ಬೇಸಿಗೆಯಲ್ಲಿ ಎಷ್ಟು ನೀರು, ಮಳೆಯಾದ ಮೇಲೆ ಎಷ್ಟು, ಹೂಳೆಷ್ಟು, ಎಲ್ಲ ಅಳೆದು ನಕ್ಷೆ ಮಾಡಬೇಕು. ಒಂದೊಂದು ಕೆರೆಯ ಏರಿಯನ್ನೂ ನಡೆದಳು. ಕಾಲು ಬಿರಿದು ರಕ್ತ ಬರುತ್ತಿತ್ತು, ಹರಳೆಣ್ಣೆ ಹಚ್ಚಿದವಳು ನಾನೇ.

ಇತ್ತ ನಾನು ಪ್ರತಿ ಬೆಳೆ ಮುಗಿದ ಮೇಲೂ ಹುಳುಮನೆ ತೊಳೆದು ಬ್ಲೀಚಿಂಗ್ ನೀರು ಹೊಡೆದೆ, ಬಾಗಿಲು ಕಿಟಕಿ ಮುಚ್ಚಿ ಒಂದು ದಿನ ಬಿಟ್ಟೆ. ಇಲ್ಲದಿದ್ದರೆ ಮುಂದಿನ ಹುಳುವಿಗೆ ರೋಗ. ಕಂಪ್ಯೂಟರಿಗೆ ನೀರು ಬೀಳದಿರಲಿ ಎಂದು ನನ್ನ ಹಳೇ ನೀಲಿ ಸೀರೆಯನ್ನು ಎರಡು ಸುತ್ತು ಸುತ್ತುತ್ತಿದ್ದೆ. ನೀರು ತಾನೇ ಶತ್ರು ಎಂದುಕೊಂಡಿದ್ದೆ. ವಾಸನೆಗೆ ಸೀರೆ ಅಡ್ಡವೇ?

ಶಿವರಾತ್ರಿ ಕಳೆದ ವಾರ ಅದು ಸತ್ತಿತು. ಗುಂಡಿ ಒತ್ತಿದರೆ ಉಸಿರಿಲ್ಲ. ಅವಳು ಪೆನ್‌ಡ್ರೈವ್‌ನಲ್ಲಿ ಬೇರೆ ಇಟ್ಟುಕೊಂಡಿದ್ದು ಬೇಸಿಗೆಯ ಅಳತೆ ಮಾತ್ರ. ಮಳೆಯ ನಂತರದ್ದೆಲ್ಲ ಅದರೊಳಗೆ. ಮತ್ತೆ ಅಳೆಯೋಣವೆಂದರೆ ಕೆರೆಗಳಲ್ಲಿ ನೀರು ಆಗಲೇ ತಳ ಕಂಡಿತ್ತು. ಇನ್ನೊಂದು ಮಳೆಗಾಲ ಬರಬೇಕು. ಅಂದರೆ ಒಂದು ವರ್ಷ.

ಅಂಗಡಿಗೆ ಒಯ್ದು ಕೊಟ್ಟೆವು. ಸಾಬರು ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಅದೇ ಜಾತಿಯ ಪಾರ್ಟು ಹುಡುಕಿಕೊಂಡು ಬೆಂಗಳೂರಿಗೆ ಎರಡು ಸಲ ಹೋಗಿ ಬಂದರು. ಐದನೇ ದಿನ ನಾವು ಹೋದಾಗ, ಮೊಮ್ಮಗಳನ್ನು ಟೀ ತರಲು ಕಳಿಸಿ, ಅದರ ಹಾರ್ಡ್‌ಡಿಸ್ಕಿನ ಹಸಿರು ಹಲಗೆಯನ್ನು ನನ್ನ ಮೂಗಿಗೆ ಹಿಡಿದರು.

"ಮೂಸಿ ನೋಡಿ ಅಮ್ಮ."

ಮೂಸಿದೆ. ನನ್ನ ಹುಳುಮನೆಯ ವಾಸನೆ. ತಾಮ್ರದ ಗೆರೆಗಳ ಮೇಲೆಲ್ಲ ಪಾಚಿಯ ಬಣ್ಣದ ಪುಡಿ ಕೂತಿತ್ತು.

"ಅಲ್ಲೇ ಇಟ್ಟಿದ್ರಿ."

"ಇಟ್ಟಿದ್ದೆ."

"ಅವಳಿಗೆ ಗೊತ್ತಾ, ನಾನು ಬೇಡ ಅಂದಿದ್ದು?"

"ಇಲ್ಲ. ಅವಳು ಆಗ ಆಟೋ ಕರೆಯಕ್ಕೆ ಹೋಗಿದ್ಲು."

ಅವರು ಹಲಗೆಯನ್ನು ಕೆಳಗಿಟ್ಟರು. ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡರು. "ಒಂದು ಅಕ್ಷರಾನೂ ಈಚೆ ಬರ್ಲಿಲ್ಲಮ್ಮ. ನನ್ನ ಕೈಲಿ ಆಗೋದೆಲ್ಲ ಮಾಡ್ದೆ."

ಮೊಮ್ಮಗಳು ಟೀ ಹಿಡಿದುಕೊಂಡು ಬಂದಳು. ಸಾಬರು ಅವಳ ಮುಖ ನೋಡಿ ಹೇಳಿದರು, "ತಪ್ಪು ನಂದೇ ಅಮ್ಮ. ನಾನು ಹಾಕಿದ ಪಾರ್ಟು ಸರಿ ಇರ್ಲಿಲ್ಲ. ಎಲ್ಲಾ ಹೋಯ್ತು."

ಅವಳು ಅಳಲಿಲ್ಲ. "ಒಂದು ವರ್ಷ ಅಂಕಲ್," ಎಂದಳು. ಟೀ ಲೋಟಗಳನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ನಾನು ಕೂತೇ ಇದ್ದೆ.

"ಯಾಕೆ ಹಂಗಂದ್ರಿ?" ಎಂದು ಕೇಳಿದೆ.

"ಅವಳು ನಿಮ್ಮ ಕೈಯ ಅನ್ನ ಉಣ್ಬೇಕು. ನನ್ಮೇಲೆ ಸಿಟ್ಟಿದ್ರೆ ಏನು, ಅಂಗಡಿ ದಾಟ್ಕೊಂಡು ಹೋಗ್ತಾಳೆ. ನಿಮ್ಮನ್ನ ಎಲ್ಲಿ ದಾಟ್ಕೊಂಡು ಹೋಗ್ತಾಳೆ?" ಕೆಮ್ಮು ಬಂತು. ನಿಲ್ಲುವವರೆಗೆ ಕಾದೆ. "ಈ ಸಲ ಹಾಸ್ಟೆಲ್ಲಿಗೆ ಕಳ್ಸಿ. ಲ್ಯಾಪ್‌ಟಾಪ್ ಕೊಡ್ಸಿ. ನನ್ನಂಗಡೀಲಿ ಬೇಡ, ಅವಳು ತಗೊಳಲ್ಲ."

ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದವರು ಅವತ್ತು ತಾವೇ ಹೇಳಿದರು. ನಾನು ಬಾಯಿ ತೆರೆಯಲಿಲ್ಲ. ತೆರೆಯಬೇಕಿತ್ತು. ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಊರು ಸೇರಿದೆ, ಆಗಲೂ ತೆರೆಯಲಿಲ್ಲ.

ಹದಿನೈದು ದಿನಕ್ಕೆ ಮಗ ಗೂಡು ಮಾರಲು ಹೋದವನು ಮಾರುಕಟ್ಟೆಯಲ್ಲಿ ಸಾಬರನ್ನು ಕಂಡ. ಅವರು ತಮ್ಮ ಅಣ್ಣನ ಜೊತೆ ನಿಂತಿದ್ದರಂತೆ. ರೈತರು, ನೂಲು ತೆಗೆಯುವ ರೀಲರುಗಳು ಎಲ್ಲರ ಮುಂದೆ, ಕೊಳೆತ ಮಾಲು ಕೊಟ್ಟು ಹುಡುಗಿಯ ಬಾಳು ಹಾಳು ಮಾಡಿದೆ ಎಂದು ಮಗ ಬೈದನಂತೆ. "ಏನಂದ್ರು?" ಎಂದು ಕೇಳಿದೆ. "ಏನಂತಾನೆ? ತಲೆ ಬಗ್ಗಿಸ್ಕೊಂಡು ನಿಂತಿದ್ದ," ಎಂದ. ನಮ್ಮ ಊರಿನವರು, ಸುತ್ತಲಿನವರು ಆ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಮಗ ಅದನ್ನು ಹೇಳುವಾಗ ನಾನು ಅನ್ನ ಬಡಿಸುತ್ತಿದ್ದೆ, ಸಾರೂ ಬಡಿಸಿದೆ.

ಮೊಮ್ಮಗಳಿಗೆ ಚಿಕ್ಕಬಳ್ಳಾಪುರದಲ್ಲಿ ಲ್ಯಾಪ್‌ಟಾಪ್ ಕೊಡಿಸಿದೆವು. ಕೊನೇ ವರ್ಷವನ್ನು ಮತ್ತೆ ಮಾಡಲು ಹಾಸ್ಟೆಲ್ಲಿಗೆ ಹೋದಳು. ಮಳೆ ಬಂದಾಗ ಅದೇ ಏರಿಗಳನ್ನು ಮತ್ತೆ ನಡೆದಳು. ಒಮ್ಮೆ ನಾನು ಒಬ್ಬಳೇ ಸಾಬರ ಅಂಗಡಿಗೆ ಹೋದೆ. ಮೇಜಿನ ಮೇಲಿನ ಗೂಡುಗಳಲ್ಲಿ ಎರಡರಲ್ಲಿ ಮಾತ್ರ ಸ್ಕ್ರೂ ಇತ್ತು, ಮಿಕ್ಕವು ಖಾಲಿ. ಅವರು ಬೈಯಲಿಲ್ಲ, ಹಂಗಿಸಲಿಲ್ಲ. "ಲ್ಯಾಪ್‌ಟಾಪ್ ತೂಕ ಜಾಸ್ತಿ ಐತಾ? ಹುಡುಗಿ ಬೆನ್ನಿಗೆ ಭಾರ ಆಗ್ಬಾರ್ದು," ಎಂದರು.

"ಮನೇಲಿ ಹೇಳ್ಬಿಡ್ತೀನಿ ಸಾಬ್ರೆ," ಎಂದೆ.

"ಅವಳ ಪರೀಕ್ಷೆ ಮುಗೀಲಿ," ಎಂದರು.

ಅದನ್ನೇ ನೆಪ ಮಾಡಿಕೊಂಡೆ.

ಪರೀಕ್ಷೆ ಮುಗಿಯಿತು. ಅವಳು ಪಾಸಾದಳು. ಬೆಂಗಳೂರಿನಲ್ಲಿ ಮುಂದಕ್ಕೆ ಓದುತ್ತೇನೆಂದು ಹೊರಟಳು. ಆಗಲೂ ನಾನು ಹೇಳಲಿಲ್ಲ. ಹೋದ ತಿಂಗಳು ಒಂದು ಗುರುವಾರ ಅವಳು ರಜೆಗೆ ಬಂದಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮಗ ಬಂದು ಹೇಳಿದ, ರಿಪೇರಿ ಸಾಬ ಹೋದನಂತೆ, ಉಸಿರಾಟದ ತೊಂದರೆ, ಬೆಳಿಗ್ಗೆಯೇ ಮಣ್ಣು ಮಾಡಿದರಂತೆ.

ಮೊಮ್ಮಗಳು ಮುದ್ದೆ ಮುರಿಯುತ್ತಾ, "ಪಾಪ. ಆದ್ರೂ ನನ್ನ ಒಂದು ವರ್ಷ ತಿಂದ ಮನುಷ್ಯ," ಎಂದಳು. ಅವಳ ತಪ್ಪೇನಿದೆ? ಅವಳಿಗೆ ಹಾಗೆಂದು ಹೇಳಿದವರು ಅವರೇ. ನಾನು ಇನ್ನೊಂದು ತುತ್ತು ನುಂಗಿದೆ. ಅವಳ ತಟ್ಟೆಗೆ ಸಾರು ಬಡಿಸಿದೆ.

ಮರುದಿನ ಬೆಳಿಗ್ಗೆ ಕಾಫಿ ಕಾಸಿ ಅವಳಿಗೂ ಮಗನಿಗೂ ಕೊಟ್ಟೆ. ಪೆಟ್ಟಿಗೆಯ ತಳದಿಂದ ನೀಲಿ ಸೀರೆ ತೆಗೆದು ಇಬ್ಬರ ಮುಂದೆ ಹರಡಿದೆ. ಬ್ಲೀಚಿಂಗ್ ಬಿದ್ದಲ್ಲೆಲ್ಲ ಬಿಳಿ ಕಲೆ, ಅಲ್ಲಲ್ಲಿ ತೂತು. ಸಾಬರು ಎರಡು ಸಲ ಬೇಡವೆಂದಿದ್ದರಿಂದ ಹಿಡಿದು ನನ್ನ ಮೂಗಿಗೆ ಹಲಗೆ ಹಿಡಿದು, ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡದ್ದರವರೆಗೆ ಒಂದೂ ಬಿಡದೆ ಹೇಳಿದೆ.

ಮಗ ನೆಲ ನೋಡಿದ. ಮೊಮ್ಮಗಳು ಸೀರೆಯನ್ನು ಮೂಸಿದಳು. "ನನ್ನನ್ನ ಹತ್ರಾನೇ ಇಡ್ಕೊಳಕ್ಕೆ ಅಂತ ತಾನೇ ಅಜ್ಜಿ?" ಎಂದಳು. ಹೌದು ಎಂದೆ. ಅವಳು ಕಾಫಿ ಲೋಟವನ್ನು ಮುಟ್ಟದೆ ಎದ್ದು, ಲ್ಯಾಪ್‌ಟಾಪಿನ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿಗೆ ಹೋದಳು. ಸಾಬರು ಹೆದರಿದ್ದೇ ಆಯಿತು, ನನ್ನ ಕೈಯದನ್ನು ಅವಳು ಮುಟ್ಟಲಿಲ್ಲ. ನನ್ನನ್ನು ದಾಟಿಕೊಂಡು ಹೋಗಲು ಅವಳಿಗೆ ದಾರಿ ಇತ್ತು, ಅಷ್ಟೇ ಅವರು ತಪ್ಪಿದ್ದು.

ಅವಳು ಬಿಟ್ಟ ಕಾಫಿಯನ್ನು ನಾನೇ ಕುಡಿದು ಲೋಟ ತೊಳೆದಿಟ್ಟೆ. ಸೀರೆಯನ್ನು ಚೀಲಕ್ಕೆ ಹಾಕಿಕೊಂಡು, ಮಗನ ಹಿಂದೆ ಬೈಕಿನಲ್ಲಿ ಕೂತು ಶಿಡ್ಲಘಟ್ಟಕ್ಕೆ ಹೋದೆ. ಮಾರುಕಟ್ಟೆಯಲ್ಲಿ ಅವನು ಸಾಬರನ್ನು ಬೈದಿದ್ದ ಜಾಗ ಯಾವುದು, ತೋರಿಸು ಎಂದು ಅವನಿಗೇ ಹೇಳಿದೆ. ಅಲ್ಲಿ ನಿಂತು, ಅವರ ಅಣ್ಣ ಎಲ್ಲಿ ಎಂದು ಕೇಳಿ ಕರೆಸಿ, ಸೀರೆಯನ್ನು ಅವರ ಕೈಗೆ ಕೊಟ್ಟು, ಮಗ ಎಷ್ಟು ಜೋರಾಗಿ ಬೈದಿದ್ದನೋ ಅಷ್ಟೇ ಜೋರಾಗಿ, ಕೆಡಿಸಿದವಳು ನಾನು ಎಂದು ಹೇಳಿದೆ.