ಸೈಕಲ್ ಶಾಪಿನವರು ಹೇಳದೆ ಬಿಟ್ಟ ಮಾತು

ಅಪ್ಪ ಗದ್ದೆ ಉಳುವ ಟಿಲ್ಲರ್ ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲಿ ನನ್ನ ಕಾಲೇಜು ಕಾಲದ ಲೇಡೀಸ್ ಸೈಕಲ್ ಇನ್ನೂ ನಿಂತಿತ್ತು. ನಾನು ಪಾಠ ಮಾಡುವ ತೀರ್ಥಹಳ್ಳಿಯ ಶಾಲೆಯಲ್ಲಿ ಅಡುಗೆ ಮಾಡುವವರಿಗೆ ಒಂದು ಸೈಕಲ್ ಬೇಕಿತ್ತು. ಸುಮ್ಮನೆ ಮೂಲೆಯಲ್ಲಿ ಕೊಳೆಯುವ ಬದಲು ಅವರಿಗಾದರೂ ಆಗಲಿ ಎಂದು ಹೋದ ತಿಂಗಳು ಊರಿಗೆ ಹೋದಾಗ ಅದನ್ನು ಅಂಗಳಕ್ಕೆ ಎಳೆದೆ. ಅವರು ನನಗಿಂತ ಗಿಡ್ಡ. ಸೀಟು ಇಳಿಸೋಣ ಎಂದು ಬೋಲ್ಟು ಸಡಿಲ ಮಾಡಿ ಎತ್ತಿದೆ. ಇಷ್ಟು ವರ್ಷ ನಿಂತ ಸೈಕಲ್ಲಿನ ಸೀಟಿನ ಪೈಪು ತುಕ್ಕು ಹಿಡಿದು ಕಚ್ಚಿಕೊಂಡಿರಬೇಕಿತ್ತು. ಅದು ಒಂದೇ ಎಳೆತಕ್ಕೆ ಕೈಗೆ ಬಂತು. ಪೈಪಿನ ಸುತ್ತ ಕಪ್ಪಗೆ, ದಪ್ಪಗೆ ಗ್ರೀಸು. ಮೂಗಿನ ಹತ್ತಿರ ಹಿಡಿದೆ. ಸೈಕಲ್ಲಿನ ವಾಸನೆಯಲ್ಲ, ಟಿಲ್ಲರಿನ ವಾಸನೆ.

ಆ ವಾಸನೆಗೆ ನೆನಪಾದದ್ದು ಅಪ್ಪ ಅಲ್ಲ. ನಿಟ್ಟೂರಿನ ಬಸ್ ಸ್ಟಾಪಿನ ಎದುರು ಸೈಕಲ್ ಶಾಪು ಇಟ್ಟಿದ್ದ ಮನುಷ್ಯ. ನೆನಪಾದ ಕೂಡಲೇ ಮೈಯೆಲ್ಲ ಉರಿಯಿತು. ಇದನ್ನು ಬರೆಯುವಾಗಲೂ ಆ ಉರಿ ಆರಿಲ್ಲ. ಸತ್ತವರ ಬಗ್ಗೆ ಬರೆಯುವವರು ತಣ್ಣಗೆ ಬರೆಯುತ್ತಾರೆ. ನನಗೆ ಹಾಗೆ ಬರೆಯಲು ಆಗುವುದಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಅಜ್ಜ ಗೇಣಿ ಮಾಡಿದವನು, ಅಪ್ಪ ಹೆಬ್ಬೆಟ್ಟಿನವನು. ಬಿ.ಎಸ್ಸಿ.ಗೆ ಸಾಗರಕ್ಕೆ ಹೋಗಬೇಕಿತ್ತು. ಮನೆಯಿಂದ ನಿಟ್ಟೂರಿಗೆ ಆರು ಕಿಲೋಮೀಟರು ಸೈಕಲ್ಲು, ಅಲ್ಲಿಂದ ಬಸ್ಸು. ಆ ಬಸ್ಸು ತಪ್ಪಿದರೆ ಕಾಲೇಜಿನ ಬಾಗಿಲು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಮನೆಯ ಯಜಮಾನನಾಗಿದ್ದ ನನ್ನ ದೊಡ್ಡಪ್ಪ ಜಗಲಿಯ ಮೇಲೆ ಕೂತು, ಬಂದವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ, "ಬೆಳಿಗ್ಗೆ ಬಸ್ ಹತ್ತೋದು, ಸಂಜೆ ಬಸ್ ಇಳಿಯೋದು. ಇದಕ್ಕೆ ಡಿಗ್ರಿ ಅಂತ ಹೆಸ್ರು." ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿಬಿಟ್ಟಿದ್ದರು. ಒಮ್ಮೆ ನಿಂತರೆ ದೊಡ್ಡಪ್ಪ ಮತ್ತೆ ಹೊರಡಲು ಬಿಡುವವನಲ್ಲ. ನನ್ನ ಡಿಗ್ರಿ ಆ ಬಸ್ಸಿನ ಮೇಲೆ, ಬಸ್ಸು ಆ ಸೈಕಲ್ಲಿನ ಮೇಲೆ ನಿಂತಿತ್ತು.

ಸೈಕಲ್ಲುಗಳನ್ನು ನಾವು ಅವರ ಶಾಪಿನ ಪಕ್ಕದ ತಗಡಿನ ಮಾಡಿನ ಕೆಳಗೆ ಬಿಟ್ಟು ಹೋಗುತ್ತಿದ್ದೆವು. ಸಾಗರಕ್ಕೆ, ಹೊಸನಗರಕ್ಕೆ ಓದಲು ಹೋಗುವ ಹತ್ತು ಹನ್ನೊಂದು ಹುಡುಗಿಯರು. ನಿಲ್ಲಿಸಿದ್ದಕ್ಕೆ ಅವರು ಏನೂ ಕೇಳುತ್ತಿರಲಿಲ್ಲ. ಪಂಕ್ಚರು, ಬ್ರೇಕು ಎಂದು ನಮ್ಮ ಸಣ್ಣಪುಟ್ಟ ಕೆಲಸ ಅವರಿಗೇ ಹೋಗುತ್ತಿತ್ತು. ಸಪೂರ ಮನುಷ್ಯ. ಕೆಲಸ ಮಾಡುವಾಗ ಬಿಚ್ಚಿದ ನಟ್ಟುಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಅವರ ಜೊತೆ ಮಾತಾಡುವುದೆಂದರೆ ಅರ್ಧ ನಮ್ಮದೇ ಮಾತು. ಬಸ್ಸು ಬರುವುದು ಕಂಡರೆ "ಹ್ಞೂಂ, ಹ್ಞೂಂ" ಎಂದು ಗಲ್ಲ ಎತ್ತಿ ತೋರಿಸುತ್ತಿದ್ದರು...

ಕೊನೆಯ ವರ್ಷದ ಮಳೆಗಾಲದಲ್ಲಿ ಸೀಟು ಜಾರಲು ಶುರುವಾಯಿತು. ಮನೆ ಬಿಡುವಾಗ ಸರಿಯಾಗಿಯೇ ಇರುತ್ತಿತ್ತು. ನಿಟ್ಟೂರಿಗೆ ಮುಂಚಿನ ಏರು ಬರುವ ಹೊತ್ತಿಗೆ ನಾಲ್ಕು ಬೆರಳು ಕೆಳಗೆ. ಮೊಣಕಾಲು ಹ್ಯಾಂಡಲಿಗೆ ಬಡಿಯುವುದು, ಪೆಡಲಿನ ಮೇಲೆ ಬಲ ಬೀಳುವುದಿಲ್ಲ. ಇಳಿದು ತಳ್ಳಬೇಕು. ತಳ್ಳುತ್ತಾ ಏರು ಮುಗಿಸಿದರೆ ಬಸ್ಸಿನ ಹಿಂಭಾಗ ಕಾಣುತ್ತಿತ್ತು. ಮನೆಯಲ್ಲಿ ನಾನು ಇದರ ಬಗ್ಗೆ ಬಾಯಿ ಬಿಡಲಿಲ್ಲ. ಸೈಕಲ್ಲು ಕೆಟ್ಟಿದೆ ಎಂದರೆ ದೊಡ್ಡಪ್ಪ ಕಾಲೇಜೂ ಬೇಡ ಅಂದಾನು ಎಂಬ ಹೆದರಿಕೆ.

ಮೊದಲ ಸಲ ಅವರು ಪೈಪು ತೆಗೆದು, ಬಟ್ಟೆಯಲ್ಲಿ ಒರೆಸಿ, ಬೋಲ್ಟು ಬಿಗಿದು ಕೊಟ್ಟರು. ಒಂದು ವಾರ ನಿಂತಿತು. ಸೋಮವಾರ ಜಾರಿತು. ಎರಡನೆಯ ಸಲ ಸೀಮೆಎಣ್ಣೆಯಲ್ಲಿ ಪೈಪು ತೊಳೆದರು, ಹಳೆ ಡಬ್ಬಿಯ ತಗಡು ಕತ್ತರಿಸಿ ಪೈಪಿಗೆ ಸುತ್ತಿ ಒಳಗೆ ಇಳಿಸಿದರು, ಬೋಲ್ಟನ್ನೂ ಹೊಸದು ಹಾಕಿದರು. ಶನಿವಾರದವರೆಗೆ ಕಲ್ಲಿನ ಹಾಗೆ ನಿಂತಿತು. ಸೋಮವಾರ ಜಾರಿತು. ಮೂರನೆಯ ಸಲ ಪೈಪು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಬಾಯಿಂದ ನಟ್ಟು ತೆಗೆದು ಕೇಳಿದರು, "ಮನೇಲಿ ಇದನ್ನ ಯಾರಾದ್ರು ಬಿಚ್ತಾರಾ ತಂಗಿ?"

"ನಮ್ಮನೇಲಿ ಯಾರು ಬಿಚ್ತಾರೆ? ಅಪ್ಪಂಗೆ ಸೈಕಲ್ ಹೊಡಿಯಕ್ಕೂ ಬರಲ್ಲ. ನಿಮ್ ಕೆಲ್ಸ ನೆಟ್ಟಗಿಲ್ದೆ ಇದ್ರೆ ನಮ್ಮನೆಯವ್ರ ಮೇಲೆ ಹಾಕ್ಬೇಡಿ."

ಅವರು ಮತ್ತೆ ನಟ್ಟು ಬಾಯಿಗಿಟ್ಟುಕೊಂಡು ಪೈಪು ಒರೆಸಿ ಬಿಗಿದರು.

ಪ್ರತಿ ಸಲವೂ ಸೋಮವಾರವೇ ಜಾರುತ್ತದೆ ಎಂಬುದು ನನಗೆ ಗೊತ್ತಿತ್ತು. ಭೌತಶಾಸ್ತ್ರ ಓದುತ್ತಿದ್ದವಳು ನಾನು. ಘರ್ಷಣೆಯ ಮೇಲೆ ನಾಲ್ಕು ಪುಟ ಉತ್ತರ ಬರೆಯಬಲ್ಲವಳು. ಆ ಪೈಪಿನ ಮೇಲೆ ಒಂದು ಸಲ ಬೆರಳು ಆಡಿಸಿ ನೋಡಲಿಲ್ಲ. ವಾರಕ್ಕೊಮ್ಮೆ ಸಡಿಲವಾಗುವ ಹಾಗೆ ಬೇಕೆಂದೇ ಬಿಗಿಯುತ್ತಾರೆ ಎಂದು ತೀರ್ಮಾನ ಮಾಡಿದೆ.

ನಾಲ್ಕನೆಯ ಸೋಮವಾರ ಕಾಲೇಜಿನಲ್ಲಿ ಟೆಸ್ಟು. ಏರಿನಲ್ಲಿ ಸೀಟು ಕೆಳಗಿಳಿಯಿತು. ಓಡುತ್ತಾ ತಳ್ಳಿಕೊಂಡು ಬಂದೆ. ಕಂಡಕ್ಟರು ನನ್ನನ್ನು ನೋಡಿಯೂ ಬಾಗಿಲು ಬಡಿದು ರೈಟ್ ಎಂದ. ಬಸ್ಸಿನ ಮೇಲೆ ಬರಬೇಕಾದ ಸಿಟ್ಟು, ದೊಡ್ಡಪ್ಪನ ಮೇಲಿದ್ದ ಸಿಟ್ಟು, ಎಲ್ಲ ಆ ಮನುಷ್ಯನ ಮೇಲೆ ಬಿತ್ತು. ರಸ್ತೆಯಲ್ಲೇ ನಿಂತು ಕೂಗಿದೆ.

"ಒಂದು ಸೀಟು ನಿಲ್ಸಕ್ಕೆ ಬರದವ್ರು ಶಾಪು ಎಂತಕ್ಕೆ ಇಟ್ಕಂಡಿದೀರಿ? ಬೇಕಂತ್ಲೇ ಸಡಿಲ ಬಿಡ್ತೀರಿ, ಮತ್ತೆ ಮತ್ತೆ ಬರ್ಲಿ ಅಂತ. ಹುಡುಗೀರಿಗೆ ಎಂತ ಗೊತ್ತಾಗ್ತದೆ ಅನ್ಕಂಡ್ರಾ? ಘರ್ಷಣೆ ಅಂದ್ರೆ ಎಂತ ಅಂತ ಗೊತ್ತಾ ನಿಮ್ಗೆ? ನಾನು ಓದಿದೀನಿ."

ಪಕ್ಕದ ಚಾ ಅಂಗಡಿಯವನು ಹೇಳಿದ, "ಅವ್ರ ಬಾಯಲ್ಲಿ ನಟ್ಟಿದ್ಯಲ್ಲ ಮಾರಾಯ್ತಿ. ಉಗುಳಕ್ಕಾದ್ರು ಟೈಮ್ ಕೊಡು." ಬಸ್ಸಿಗೆ ನಿಂತವರೆಲ್ಲ ನಕ್ಕರು. ನಮ್ಮ ಹುಡುಗಿಯರಲ್ಲಿ ಹೊಸನಗರದ ಬಸ್ಸಿಗೆ ಕಾಯುವವರು ಅಲ್ಲೇ ಇದ್ದರು.

ಅವರು ನಟ್ಟುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಈಗ ಬಾಯಿ ಖಾಲಿ ಇತ್ತು. "ಸಂಜೆ ತಗಂಡು ಹೋಗು ತಂಗಿ. ಇನ್ನು ಜಾರಲ್ಲ," ಅಂದರು. ಅಷ್ಟೇ.

ಸಂಜೆ ನೋಡಿದರೆ ಪೈಪಿಗೆ ಅಡ್ಡ ತೂತು ಕೊರೆದು ಒಂದು ಬೋಲ್ಟು ತೂರಿಸಿದ್ದರು. ಪೈಪು ಇಳಿಯುವ ಫ್ರೇಮಿನ ಬಾಯಲ್ಲಿ ಅರದಿಂದ ಎರಡು ಕಚ್ಚು ತೋಡಿದ್ದರು. ಬೋಲ್ಟಿನ ಎರಡು ತುದಿ ಆ ಕಚ್ಚುಗಳಲ್ಲಿ ಕೂರುತ್ತಿತ್ತು. ಏನೇ ಮಾಡಿದರೂ ಪೈಪು ಕೆಳಗಿಳಿಯುವ ಹಾಗಿಲ್ಲ, ತಿರುಗುವ ಹಾಗೂ ಇಲ್ಲ. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಕೂಗಿದ್ದಕ್ಕೆ ಕೆಲಸ ಆಯಿತು ಎಂದುಕೊಂಡೆ.

ಆಮೇಲೆ ಒಂದು ಬಸ್ಸೂ ತಪ್ಪಲಿಲ್ಲ. ಪರೀಕ್ಷೆಗೆ ಕೂತೆ, ಪಾಸಾದೆ. ಆದರೆ ಆ ವಾರವೇ ಇಬ್ಬರು ಹುಡುಗಿಯರು ಸೈಕಲ್ಲನ್ನು ಅಕ್ಕಿ ಗಿರಣಿಯ ಆಚೆಯ ಇನ್ನೊಂದು ಶಾಪಿಗೆ ಬದಲಾಯಿಸಿದರು. ತಿಂಗಳಲ್ಲಿ ಎಲ್ಲರೂ. ನಾನು ಯಾರಿಗೂ ಹೋಗಿ ಎಂದು ಹೇಳಿರಲಿಲ್ಲ... ನಾನೂ ಹೋದೆ. ಅವರು ಕೊರೆದ ತೂತಿನ ಮೇಲೆ ಕೂತುಕೊಂಡು, ಅವರ ಶಾಪಿನ ಮುಂದೆಯೇ ಹಾದು, ಆಚೆ ಶಾಪಿಗೆ.

ಇಷ್ಟಕ್ಕೇ ಮುಗಿಯಲಿಲ್ಲ. ವಿಜ್ಞಾನದ ಟೀಚರಾದ ಮೇಲೆ ಪ್ರತಿ ವರ್ಷ ಘರ್ಷಣೆಯ ಪಾಠಕ್ಕೆ ಈ ಕಥೆ ಹೇಳಿದ್ದೇನೆ. ಮೋಸ ಮಾಡುವವನನ್ನು ಗದರಿಸಬೇಕು, ಓದಿದ ಹೆಣ್ಣುಮಕ್ಕಳು ಸುಮ್ಮನಿರಬಾರದು ಎಂದು. ಬಾಯಲ್ಲಿ ನಟ್ಟು ಕಚ್ಚಿಕೊಂಡು ನಿಂತದ್ದನ್ನು ಅಭಿನಯ ಮಾಡಿ ತೋರಿಸಿದ್ದೇನೆ. ಮಕ್ಕಳು ನಕ್ಕಿದ್ದಾರೆ.

ಹೋದ ತಿಂಗಳು ಆ ಪೈಪು ಹಿಡಿದುಕೊಂಡು ಅಪ್ಪನನ್ನು ಕರೆದೆ. ಇದು ಯಾರು ಹಚ್ಚಿದ್ದು ಎಂದೆ. "ನಾನೇ," ಎಂದ, ನನಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ. "ಮಳೆಗಾಲದಲ್ಲಿ ಪೈಪಿಗೆ ನೀರಿಳಿದ್ರೆ ತುಕ್ಕು ಕಚ್ಕಂತದೆ. ಆ ವರ್ಷ ತಂದ ಟಿಲ್ಲರಿಗೆ ಹಚ್ಚಿ ಉಳಿದಿದ್ದನ್ನ ಪ್ರತಿ ಭಾನುವಾರ ಹಚ್ತಿದ್ದೆ, ನೀನು ಬಟ್ಟೆ ಒಗಿಯಕ್ಕೆ ಹೋದಾಗ. ಎತ್ರ ತಪ್ಪಬಾರ್ದು ಅಂತ ದಾರ ಕಟ್ಟಿ ಗುರ್ತು ಮಾಡ್ಕಂಡು ಕೂರಿಸ್ತಿದ್ದೆ. ಹೊರಗಡೆ ಒರೆಸ್ತಿದ್ದೆ, ನಿನ್ ಬಟ್ಟೆಗೆ ಆಗ್ಬಾರ್ದಲ್ಲ."

ಮಳೆಗೆ ಮುಂಚೆ ಕಬ್ಬಿಣಕ್ಕೆಲ್ಲ ಎಣ್ಣೆ ಕಾಣಿಸಬೇಕು ಎನ್ನುವುದು ನಮ್ಮ ಕಡೆಯವರ ಬುದ್ಧಿ. ಕತ್ತಿಗೆ, ಬಾಗಿಲ ಕೀಲಿಗೆ, ನೇಗಿಲಿಗೆ. ಜಾರಲೇಬಾರದ ಒಂದೇ ಒಂದು ಜಾಗಕ್ಕೂ ಅಪ್ಪ ಹಚ್ಚಿದ್ದ.

"ನಿಟ್ಟೂರಿನ ಸೈಕಲ್ ಶಾಪಿನವ್ರು ಒಂದ್ಸಲ ಸಂತೇಲಿ ಸಿಕ್ಕಿ, ಗ್ರೀಸ್ ಹಚ್ಚದು ನೀವಾ ಅಂತ ಕೇಳಿದ್ರು," ಎಂದ ಅಪ್ಪ. "ಹೌದು, ಮಗಳು ಕಾಲೇಜಿಗೆ ಹೋಗ್ತದೆ, ಸೈಕಲ್ಲು ಕೈ ಕೊಡಬಾರ್ದು ಅಂದೆ. ಒಳ್ಳೇ ಕೆಲ್ಸ, ಹಚ್ತಾ ಇರಿ ಅಂದ್ರು. ಅದಾದ ಮೇಲೇ ಆ ಅಡ್ಡ ಬೋಲ್ಟು ಬಂತು ನೋಡು."

ಅಂದರೆ ನಾನು ರಸ್ತೆಯಲ್ಲಿ ಕೂಗುವಾಗ ಅವರಿಗೆ ಎಲ್ಲ ಗೊತ್ತಿತ್ತು. ಅಪ್ಪ ಗ್ರೀಸು ಹಚ್ಚುತ್ತಲೇ ಇರಲಿ, ಸೀಟೂ ನಿಲ್ಲಲಿ ಎಂದು ಪೈಪು ಕೊರೆದಿದ್ದರು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಜಾರಿದ್ದು, ಬಸ್ಸು ತಪ್ಪಿದ್ದು, ಕೂಗಿದ್ದು. ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತ. ಪೈಪನ್ನು ಕೈಗೆ ತೆಗೆದುಕೊಂಡು ಹೇಳಿದ, "ಅವ್ರು ಒಂದ್ ಮಾತು ಹೇಳಿದ್ರೆ ಬಿಡ್ತಿದ್ದೆನಲ್ಲ ಮಗ. ಅಷ್ಟಕ್ಕೆ ನಾನೇನು ಕರಗಿ ಹೋಗ್ತಿದ್ನಾ?"

ನನ್ನ ಸಿಟ್ಟು ಇಲ್ಲಿದೆ. ನಮ್ಮ ಕಡೆಯ ಈ ಹಾಳು ದಾಕ್ಷಿಣ್ಯದ ಮೇಲೆ. ಒಬ್ಬ ಅಪ್ಪನ ಮುಖಕ್ಕೆ ಅವನ ತಪ್ಪು ಹೇಳಬಾರದು, ಮಗಳ ಮುಂದೆ ಅಪ್ಪನನ್ನು ಸಣ್ಣವನನ್ನಾಗಿ ಮಾಡಬಾರದು. ಅದಕ್ಕೆ ತಾನು ಕಳ್ಳ ಎನ್ನಿಸಿಕೊಂಡರೂ ಅಡ್ಡಿಯಿಲ್ಲ. ಯಾರು ಕೇಳಿದ್ದರು ಇದನ್ನು? ನನ್ನ ಅಪ್ಪ ಅಷ್ಟು ತೆಳು ಮನುಷ್ಯ ಅಲ್ಲ. ನಾನೂ ತಪ್ಪು ತಿಳಿದರೆ ತಿದ್ದಿಕೊಳ್ಳದಷ್ಟು ಮೂರ್ಖಳಲ್ಲ. ಆ ಮನುಷ್ಯ ಒಂದು ವಾಕ್ಯ ನುಂಗಿದ್ದಕ್ಕೆ ನಾನು ಇಪ್ಪತ್ತು ವರ್ಷ ಸುಳ್ಳು ಪಾಠ ಮಾಡಿದೆ. ನಾನೂ ಮನೆಯಲ್ಲಿ ಸೀಟು ಜಾರುತ್ತದೆ ಎಂಬ ಒಂದು ವಾಕ್ಯ ನುಂಗಿದ್ದೆ, ನಿಜ. ಆ ಸಿಟ್ಟನ್ನು ಯಾರ ಮೇಲೆ ಹಾಕಲಿ...

ಮಾರನೆಯ ದಿನ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಹೆಂಡತಿ ಅಂಗಳದಲ್ಲಿ ಒಣಗಲು ಹಾಕಿದ್ದ ಸೂಜಿಮೆಣಸನ್ನು ಮೊರಕ್ಕೆ ತುಂಬುತ್ತಿದ್ದರು. ನಾನು ನಿಂತುಕೊಂಡೇ ಪೂರ್ತಿ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು.

"ಹುಡುಗೀರ ಸೈಕಲ್ಲೆಲ್ಲ ಯಾಕೆ ಖಾಲಿಯಾಯ್ತು ಅಂತ ಕೇಳಿ ಕೇಳಿ ನಂಗೆ ಸಾಕಾಗಿತ್ತು. ಬಸ್ಸಿನ ಟೈಮು ಬದಲಾಯ್ತು ಅಂದಿದ್ರು ಅವ್ರು. ಆವತ್ತೇ ಹೇಳಿದ್ರೆ ನಿಮ್ಮನೆ ಬಾಗ್ಲಿಗೆ ಬಂದು ಜಗಳ ಆಡ್ತಿದ್ದೆ."

"ಈಗ್ಲಾದ್ರು ಆಡಿ," ಎಂದೆ.

"ಈಗ ಆಡಿ ಎಂತ ಮಾಡದು." ಮೊರ ಕೆಳಗಿಟ್ಟರು. "ಕೂಗಿದ್ದು ಎಲ್ಲಿ ನೀವು?"

"ಬಸ್ ಸ್ಟಾಪಲ್ಲಿ. ಎಲ್ರ ಎದ್ರಿಗೆ."

"ಹಂಗಾದ್ರೆ ನನ್ನ ಅಂಗಳದಲ್ಲಿ ಮೆತ್ತಗೆ ಹೇಳಿದ್ರೆ ಎಂತ ಬಂತು? ಅಲ್ಲೇ ಹೋಗಿ ಹೇಳಿ."

ಕುಡಿಯಲು ನೀರು ಕೊಟ್ಟರು. ಒಳಗೆ ಬನ್ನಿ ಎನ್ನಲಿಲ್ಲ. ಅದು ನನಗೆ ಒಳ್ಳೆಯದೇ ಎನಿಸಿತು. ಈ ಇಡೀ ವಿಷಯದಲ್ಲಿ ನನಗೆ ದಾಕ್ಷಿಣ್ಯ ತೋರಿಸದ ಮೊದಲನೆಯವರು ಅವರು.

ಬಸ್ ಸ್ಟಾಪಿಗೆ ಹೋಗಿ ನಿಂತೆ. ಶಾಪು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಚಾ ಅಂಗಡಿ ಇಲ್ಲ. ಆವತ್ತು ನಕ್ಕವರು ಯಾರು, ಈಗ ಎಲ್ಲಿದ್ದಾರೆ, ನನಗೆ ಗೊತ್ತಿಲ್ಲ. ಒಂದು ಬಸ್ಸು ಬಂತು, ಹೋಯಿತು. ಯಾರಿಗೆ ಹೇಳುವುದು ಎಂದು ತಿಳಿಯದೆ ವಾಪಸು ಬಂದೆ. ತೀರ್ಥಹಳ್ಳಿಗೆ ಬಂದು ನನ್ನ ಒಂಬತ್ತನೇ ಕ್ಲಾಸಿಗೆ ನಿಜ ಹೇಳಿದೆ. ಒಬ್ಬಳು ಎದ್ದು ನಿಂತು ಕೇಳಿದಳು, "ಮೇಡಂ, ನಮ್ಮಕ್ಕನ ಬ್ಯಾಚಿಗೆ ಬೇರೆ ಥರ ಹೇಳಿದ್ರಂತಲ್ಲ. ಅವ್ರಿಗೆಲ್ಲ ಯಾರು ಹೇಳ್ತಾರೆ?"

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವರು ಬದುಕಿದ್ದರೆ ಕಾಲಿಗೆ ಬೀಳುತ್ತಿದ್ದೆ ಎಂದು ಸುಳ್ಳು ಹೇಳಲಾರೆ. ಮೊದಲು ಇನ್ನೊಂದು ಸಲ ಜಗಳ ಆಡುತ್ತಿದ್ದೆ, ಯಾಕೆ ಹೇಳಲಿಲ್ಲ ಎಂದು. ಆಮೇಲೆ ಬೀಳುತ್ತಿದ್ದೆನೋ ಏನೋ. ಎರಡಕ್ಕೂ ಈಗ ಅವರಿಲ್ಲ. ನನ್ನ ಹತ್ತಿರ ಓದಿದವರು, ಆವತ್ತು ನಿಟ್ಟೂರಿನಲ್ಲಿ ಬಸ್ಸಿಗೆ ನಿಂತಿದ್ದವರು, ಯಾರಾದರೂ ಇದನ್ನು ಓದಿದರೆ ದಯವಿಟ್ಟು ಇನ್ನೊಬ್ಬರಿಗೂ ಹೇಳಿ. ಆ ಮನುಷ್ಯ ಮೋಸ ಮಾಡಿರಲಿಲ್ಲ. ಅವರಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು.